ಸ್ಪಷ್ಟನೆ: ಗೇಮಿಂಗ್ ರೂಟರ್ ತಂದ ಮಾತ್ರಕ್ಕೆ ಪಿಂಗ್ ಅರ್ಧ ಆಗುವುದಿಲ್ಲ

‘ಆರು ಆಂಟೆನಾದ ಗೇಮಿಂಗ್ ರೂಟರ್ ಹಾಕಿದರೆ ಪಿಂಗ್ ಅರ್ಧಕ್ಕೆ ಇಳಿಯುತ್ತದೆ, ಮಳೆಗಾಲದಲ್ಲೂ ನೆಟ್ ಕಟ್ ಆಗಲ್ಲ’ ಎಂಬ ಸಂದೇಶ ಹಾಸನದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ಸರಿಯಲ್ಲ. ಇದನ್ನು ನಂಬಿ ಸುಮ್ನೆ ದುಡ್ಡು ಸುರಿಯಬೇಡಿ.

ಪಿಂಗ್ ಎಂದರೆ ನಿಮ್ಮ ಮನೆಯಿಂದ ಗೇಮ್ ಸರ್ವರ್‌ಗೆ ಡೇಟಾ ಹೋಗಿ ಬರುವ ಸಮಯ. ಫೈಬರ್ ಕೇಬಲ್‌ನಲ್ಲಿ ಡೇಟಾ ಹೊತ್ತ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಮುಂಬೈಯಲ್ಲಿದ್ದರೆ ಒಂದು ಲೆಕ್ಕ, ಸಿಂಗಪುರದಲ್ಲಿದ್ದರೆ ಇನ್ನೊಂದು. ಆ ದಾರಿಯನ್ನು ಯಾವ ರೂಟರ್ ಕೂಡ ಗಿಡ್ಡ ಮಾಡಲಾರದು. ಅದು ಸರಿಪಡಿಸುವುದು ಮನೆಯೊಳಗಿನ ತಡೆಯನ್ನು ಮಾತ್ರ.

ಹಾಗಂತ ಆ ತಡೆ ಸಣ್ಣದಲ್ಲ. 5 ಗಿಗಾಹರ್ಟ್ಸ್ ವೈಫೈಗೆ ವೇಗ ಜಾಸ್ತಿ, ಆದರೆ ಹಳೆಯ ಮನೆಗಳ ದಪ್ಪ ಗೋಡೆ ದಾಟುವಾಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ವೈಫೈಗಳ ಗದ್ದಲದಲ್ಲಿ ಸಿಕ್ಕಿಕೊಳ್ಳುತ್ತದೆ. ಕಂಪ್ಯೂಟರ್‌ಗೆ ನೇರ ಕೇಬಲ್ ಎಳೆಯುವುದು ಎಲ್ಲಕ್ಕಿಂತ ಒಳ್ಳೆಯದು, ಅದಕ್ಕೆ ಖರ್ಚೂ ಕಡಿಮೆ. ಅಣ್ಣ ಆಡುತ್ತಿರುವಾಗ ತಂಗಿ ವಿಡಿಯೊ ಅಪ್‌ಲೋಡ್ ಮಾಡಿದರೆ ಪಿಂಗ್ ಜಿಗಿಯುತ್ತದೆ ಅಲ್ವಾ? ಅದನ್ನು ತಡೆಯಲು ಕೆಲವು ರೂಟರ್‌ಗಳಲ್ಲಿ ಎಸ್‌ಕ್ಯೂಎಂ (SQM) ಎಂಬ, ಡೇಟಾದ ಸರದಿ ನಿಭಾಯಿಸುವ ಸೌಲಭ್ಯ ಇರುತ್ತದೆ. ಅಂಗಡಿಯಲ್ಲಿ ಆಂಟೆನಾ ಎಣಿಸುವ ಬದಲು ಅದನ್ನು ಕೇಳಿ.

ಇನ್ನು ಮಳೆ. ಸಕಲೇಶಪುರದ ಕಡೆ ಮರ ಬಿದ್ದು ಕಂಬದ ಫೈಬರ್ ತುಂಡಾದರೆ ರೂಟರ್ ಏನು ಮಾಡೀತು? ಫೈಬರ್ ಬರುವ ಡಬ್ಬಿಯಲ್ಲಿ ‘ಲಾಸ್’ (LOS) ದೀಪ ಕೆಂಪಗೆ ಮಿನುಗಿದರೆ ತೊಂದರೆ ಸಾಮಾನ್ಯವಾಗಿ ಲೈನಿನದು. ಕರೆಂಟ್ ಹೋಗುವುದೇ ನಿಮ್ಮ ಕಷ್ಟವಾದರೆ ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಸಾಕು. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿಕೊಂಡು ತನ್ನಿ.