ದುರ್ಗದ ಸೀಮೆಯಲ್ಲಿ ಆಫ್‌ರೋಡ್ ಅಂದರೆ ಮೊದಲು ಟ್ಯೂಬು, ಆಮೇಲೆ ಗಾಡಿ

ನಾಲ್ಕು ಜನ ಸ್ನೇಹಿತರು ಸೇರಿ ಭಾನುವಾರ ಡಾಂಬರು ಬಿಟ್ಟು ಕಚ್ಚಾ ದಾರಿಗೆ, ಅಂದರೆ ಆಫ್‌ರೋಡ್ ಹೋಗೋಣ ಅಂದರೆ ಸಾಕು, ಬೈಕಿನಲ್ಲಿ ಹೀರೊ ಎಕ್ಸ್‌ಪಲ್ಸ್ ಮೇಲೋ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೇಲೋ ಅನ್ನೋ ಜಗಳ ಶುರು. ಕ್ರ್ಯಾಶ್ ಗಾರ್ಡಿಗೆ, ಫಾಗ್ ಲ್ಯಾಂಪಿಗೆ ಸಾವಿರಗಟ್ಟಲೆ ಸುರಿದಾಗಿರುತ್ತದೆ. ಟೈರು ಬಿಚ್ಚುವ ಪಟ್ಟಿ, ಅದೇ ಟೈರ್ ಲಿವರ್, ಯಾರ ಹತ್ತಿರ ಇದೆ ಅಂತ ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ, ಜಗಳೂರು ಕಡೆ ಎಂಜಿನ್ನಿನ ಸಿಸಿ ಸಾಲದೆ ದಿನ ಕೆಟ್ಟಿದ್ದು ಬಹಳ ಅಪರೂಪ. ಕೆಡಿಸುವುದು ಬಳ್ಳಾರಿ ಜಾಲಿ ಮುಳ್ಳು, ಅದು ಬಿಟ್ಟರೆ ಎರೆ ಮಣ್ಣು. ಎರಡೂ ಬಂದು ಹಿಡಿಯುವುದು ಚಕ್ರವನ್ನೇ.

ಮೊದಲು ಗಾಳಿ ವಿಚಾರ. ಡಾಂಬರಿನ ಲೆಕ್ಕದಲ್ಲಿ ಮುಂದೆ 25, ಹಿಂದೆ 32 ಪಾಯಿಂಟ್ (ಪಿಎಸ್‌ಐ) ಹಾಕಿಕೊಂಡು ಕಲ್ಲಿನ ಜಾಡಿಗೆ ಇಳಿದರೆ ಟೈರು ಚೆಂಡಿನ ಹಾಗೆ ಪುಟಿಯುತ್ತದೆ, ಹಿಡಿತ ಇರುವುದಿಲ್ಲ. ಟ್ಯೂಬ್ ಟೈರಿನ ಗಾಡಿಗೆ ಮುಂದೆ 18ರಿಂದ 20, ಹಿಂದೆ 20ರಿಂದ 22 ಇದ್ದರೆ ನಮ್ಮ ನೆಲಕ್ಕೆ ಸರಿ. ಬರೀ ಕಲ್ಲೇ ಇರುವ ಗುಡ್ಡದ ದಾರಿಯಾದರೆ ಇನ್ನೆರಡು ಪಾಯಿಂಟ್ ಜಾಸ್ತಿ ಇರಲಿ. 15ಕ್ಕಿಂತ ಕೆಳಗೆ ಇಳಿಸುವುದು ಬೇಡವೇ ಬೇಡ. ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಇನ್ನೊಂದು ಅಪಾಯ, ಗಾಳಿ ಕಮ್ಮಿಯಾದಾಗ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬನ್ನೂ ಜೊತೆಗೆ ಎಳೆದುಕೊಂಡು ಹೋಗಿ ವಾಲ್ವನ್ನು ಬುಡದಲ್ಲಿ ಹರಿಯುತ್ತದೆ. ಬುಡದಲ್ಲಿ ಹರಿದ ವಾಲ್ವಿಗೆ ಯಾವ ಪ್ಯಾಚೂ ಇಲ್ಲ, ಟ್ಯೂಬು ಎಸೆಯುವುದೇ. ಅದಕ್ಕೇ ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆತ್ತಿ ಕ್ಯಾಪಿಗೆ ತಾಗಿಸಿ ಬಿಡಿ. ವಾಲ್ವು ಓರೆಯಾಗಿ ನಿಂತಿದ್ದು ಕಂಡರೆ ಟೈರು ಜಾರುತ್ತಿದೆ ಅಂತ ಮೊದಲೇ ಗೊತ್ತಾಗುತ್ತದೆ. ನಟ್ಟು ಬಿಗಿದಿದ್ದರೆ ಹರಿದ ಮೇಲೆಯೇ ಗೊತ್ತಾಗುವುದು.

ಇನ್ನು ಜಾಲಿ. ನಮ್ಮ ಕಡೆ ಹೊಲದ ಬದುವಿಗೆ, ಕಣದ ಸುತ್ತ, ಬಂಡಿ ದಾರಿಯ ಅಂಚಿಗೆ ಕಡಿದು ಹಾಕಿರುವುದೆಲ್ಲ ಅದೇ. ಹಸಿ ಮುಳ್ಳಿಗಿಂತ ಒಣಗಿದ್ದು ಕೆಟ್ಟದ್ದು. ಟೈರಿನೊಳಗೆ ನಾಟಿ, ಹೊರಗಿನ ತುದಿ ಮುರಿದು ಹೋಗುತ್ತದೆ, ಒಳಗಿನ ಮೊನೆ ಹಾಗೇ ಉಳಿಯುತ್ತದೆ. ಹೊರಗಿಂದ ನೋಡಿದರೆ ಟೈರು ಸ್ವಚ್ಛ. ಹೊಸ ಟ್ಯೂಬು ಹಾಕಿಕೊಂಡು ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಗಾಳಿ ಇಳಿಯುವುದಕ್ಕೆ ಕಾರಣ ಇದೇ, ಟ್ಯೂಬಿನ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಹೊರಡುವ ಮುಂಚೆ ಒಂದು ಗುಂಪಿನಲ್ಲಿ ಇರಬೇಕಾದ್ದು ಇಷ್ಟು: ಮೂರು ಟೈರ್ ಲಿವರ್ (ಎರಡರಲ್ಲಿ ಆಗುತ್ತದೆ, ಆದರೆ ಮೂರನೆಯದು ಮೂರನೇ ಕೈ ಇದ್ದ ಹಾಗೆ), ಹತ್ತು ಪ್ಯಾಚು, ಎರಡು ಟ್ಯೂಬ್ ಸೊಲ್ಯೂಷನ್, ಉಜ್ಜುವ ಕಾಗದ, ವಾಲ್ವ್ ಪಿನ್ ತೆಗೆಯುವ ಕೀ, ಎರಡು ಪಿನ್ನು, ಕಾಲಲ್ಲೋ ಕೈಯಲ್ಲೋ ಒತ್ತುವ ಪಂಪು, ಗಾಳಿ ನೋಡುವ ಗೇಜು, ಇಕ್ಕಳ, ಹಳೇ ಹತ್ತಿ ಬಟ್ಟೆ. ಸೊಲ್ಯೂಷನ್ ಎರಡು ಯಾಕೆಂದರೆ ಒಮ್ಮೆ ಬಾಯಿ ತೆರೆದದ್ದು ಮುಂದಿನ ಸಲಕ್ಕೆ ಒಣಗಿ ಕಲ್ಲಾಗಿರುತ್ತದೆ. ಮುಂದಿನ 21 ಇಂಚಿನ ಟ್ಯೂಬ್ ಒಂದು, ಹಿಂದಿನದು ಒಂದು. ಒಂದೇ ಒಯ್ಯಲು ಜಾಗ ಇದ್ದರೆ 21 ಇಂಚಿನದೇ ಇರಲಿ, ಆಪತ್ತಿಗೆ ಅದನ್ನು ಹಿಂದಿನ 17, 18 ಇಂಚಿನ ಚಕ್ರಕ್ಕೂ ತುರುಕಿ ಮನೆ ಸೇರಬಹುದು. ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರನ್ನು ಮನೆಯಲ್ಲೇ ಹಾಕಿ, ಒಮ್ಮೆ ಬಿಚ್ಚಿ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಯಾರೋ ಉದ್ದ ಪೈಪು ಹಾಕಿ ಬಿಗಿದಿದ್ದರೆ, ಮಾರಿಕಣಿವೆ ಹಿಂದಿನ ಗುಡ್ಡದಲ್ಲಿ ಅದನ್ನು ಬಿಚ್ಚಲು ಭೀಮನೇ ಬರಬೇಕು.

ಟೈರು ಬಿಚ್ಚುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಲಿವರ್ ಹಾಕಿ ಎಳೆದರೂ ಟೈರಿನ ಅಂಚು ಮೇಲೇಳುವುದಿಲ್ಲ, ಆಗ ಇನ್ನೂ ಜೋರಾಗಿ ಎಳೆಯುತ್ತಾರೆ, ಟ್ಯೂಬಿಗೆ ಎರಡು ಹೊಸ ತೂತು ಬೀಳುತ್ತವೆ. ರಿಮ್ಮಿನ ನಡುವೆ ಒಂದು ಹಳ್ಳ ಇದೆ ನೋಡಿ, ಲಿವರ್ ಹಾಕಿರುವ ಕಡೆಗೆ ಎದುರು ಬದಿಯ ಅಂಚನ್ನು ಮಂಡಿಯಿಂದ ಒತ್ತಿ ಆ ಹಳ್ಳಕ್ಕೆ ಇಳಿಸಬೇಕು. ಆಗ ಈ ಕಡೆ ಸಡಿಲ ಸಿಗುತ್ತದೆ, ಎರಡೆರಡು ಇಂಚಿನಷ್ಟೇ ಎತ್ತುತ್ತಾ ಹೋದರೆ ಹೆಚ್ಚು ಬಲವೇ ಬೇಡ. ಅಂಚು ರಿಮ್ಮಿಗೆ ಕಚ್ಚಿಕೊಂಡಿದ್ದರೆ ಚಕ್ರವನ್ನು ನೆಲಕ್ಕೆ ಮಲಗಿಸಿ, ಇನ್ನೊಂದು ಗಾಡಿಯ ಸೈಡ್ ಸ್ಟ್ಯಾಂಡನ್ನು ಟೈರಿನ ಮೇಲೆ ಊರಿ ಗಾಡಿಯನ್ನು ವಾಲಿಸಿ. ಟಪ್ಪಂತ ಬಿಡುತ್ತದೆ.

ಟ್ಯೂಬು ಹೊರಗೆ ಬಂದ ಮೇಲೆ ಬಟ್ಟೆ ಹಿಡಿದು ಟೈರಿನ ಒಳಗೆ ಪೂರ್ತಿ ಸುತ್ತು, ಎರಡು ಸಲ ಒರೆಸಿ. ಬರಿಗೈ ಬೇಡ, ಬಟ್ಟೆಯ ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಅದನ್ನು ಇಕ್ಕಳದಿಂದ ಒಳಗಿನಿಂದಲೇ ಎಳೆಯಿರಿ. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಜಾಲಿ ಕೊಂಬೆ ಹತ್ತಿದ್ದರೆ ಮೂರು ನಾಲ್ಕು ಇರುತ್ತವೆ. ಪ್ಯಾಚು ಹಾಕುವಾಗ ಆತುರ ಮಾಡಿದವರೇ ಹೆಚ್ಚು. ಸೊಲ್ಯೂಷನ್ ತೆಳ್ಳಗೆ ಹಚ್ಚಿ ಐದು ನಿಮಿಷ ಬಿಡಿ, ಬೆರಳಿಗೆ ಅಂಟದಷ್ಟು ಒಣಗಬೇಕು. ಹಸಿ ಇರುವಾಗಲೇ ಅಂಟಿಸಿದ ಪ್ಯಾಚು ಬಿಸಿಲಿಗೆ ಬಿಸಿಯಾಗಿ ಜಾರುತ್ತದೆ. ತೂತು ತಾನೇ ಮುಚ್ಚಲಿ ಅಂತ ಟ್ಯೂಬಿಗೆ ಸೀಲಂಟ್ ದ್ರವ ಸುರಿದಿದ್ದರೆ ತೂತಿನ ಸುತ್ತ ಅದು ಒಸರುತ್ತಲೇ ಇರುತ್ತದೆ, ಪ್ಯಾಚು ಹಿಡಿಯುವುದೇ ಇಲ್ಲ. ಸೀಲಂಟ್ ಟ್ಯೂಬ್‌ಲೆಸ್ಸಿಗೆ ಸರಿ, ಟ್ಯೂಬಿಗೆ ನನ್ನ ಮಟ್ಟಿಗೆ ದಂಡ.

ವಾಪಸ್ ಹಾಕುವಾಗ ಟ್ಯೂಬಿಗೆ ಒಂಚೂರು ಗಾಳಿ ಹೊಡೆದು ದುಂಡಗೆ ಮಾಡಿಕೊಂಡರೆ ಮಡಚಿಕೊಳ್ಳುವುದಿಲ್ಲ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಒಳಗೆ ಹಾಕುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಗೇಣು ಬಂದಾಗ ವಾಲ್ವನ್ನು ಒಳಕ್ಕೆ ಒತ್ತಿ ಟ್ಯೂಬನ್ನು ಲಿವರಿನ ದಾರಿಯಿಂದ ಸರಿಸಿ. ಮನೆಯ ಅಂಗಳದಲ್ಲಿ ಇದನ್ನು ಎರಡು ಸಲ ಮಾಡಿದವರಿಗೆ ಹೊಲದಲ್ಲಿ ಮುಕ್ಕಾಲು ಗಂಟೆ ಸಾಕು. ಮೊದಲ ಸಲ ಹೊಲದಲ್ಲೇ ಮಾಡುವವರಿಗೆ ಮಧ್ಯಾಹ್ನವೇ ಮುಗಿದುಹೋಗುತ್ತದೆ.

ಎರೆ ಮಣ್ಣಿನದು ಬೇರೆಯೇ ಪುರಾಣ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲದ ದಾರಿ ಸಿಮೆಂಟ್ ರಸ್ತೆಗಿಂತ ಗಟ್ಟಿ, ಆದರೆ ಬಿರುಕಿನ ಉದ್ದಕ್ಕೆ ಮುಂದಿನ ಚಕ್ರ ಕೂತರೆ ಹ್ಯಾಂಡಲ್ ಕಿತ್ತುಕೊಳ್ಳುತ್ತದೆ. ಅದೇ ನೆಲಕ್ಕೆ ಒಂದು ಹದ ಮಳೆ ಬಿದ್ದರೆ ಮುಗಿಯಿತು. ನೀರು ಕುಡಿದು ಉಬ್ಬುವ ಜೇಡಿ ಅದು. ಟೈರಿನ ಮೇಲಿನ ಉಬ್ಬು ಗುಂಡಿಗಳ ನಡುವಿನ ಜಾಗವನ್ನೆಲ್ಲ ತುಂಬಿ, ಮಡ್‌ಗಾರ್ಡಿನೊಳಗೆ ಪದರ ಪದರವಾಗಿ ಗಿಡಿದುಕೊಂಡು, ಐವತ್ತು ಮೀಟರಿನೊಳಗೆ ಮುಂದಿನ ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಟೈರಿಗೆ ಅಂಟಿದ ಹಾಗೆ ಇರುವ ತಗ್ಗು ಮಡ್‌ಗಾರ್ಡ್ ಇರುವ ಗಾಡಿಗೆ ಇದು ಬೇಗ ಆಗುತ್ತದೆ. ಎಕ್ಸ್‌ಪಲ್ಸಿನಂಥ ಎತ್ತರದ ಮಡ್‌ಗಾರ್ಡ್ ಇದ್ದರೆ ಸ್ವಲ್ಪ ದೂರ ಎಳೆಯುತ್ತದೆ ಅಷ್ಟೇ. ಆಗ ಗೇರು ಹಾಕಿ ಹಾಫ್ ಕ್ಲಚ್ಚಿನಲ್ಲಿ ರೊಯ್ಯನೆ ಏರಿಸಿದರೆ ಕ್ಲಚ್ ಪ್ಲೇಟು ಸುಟ್ಟ ವಾಸನೆ ಬರುತ್ತದೆ. ವಾಸನೆ ಬಂದ ಕೂಡಲೇ ಎಂಜಿನ್ ಆರಿಸಿ ಕಾಲು ಗಂಟೆ ಕೂರಿ. ಅಷ್ಟರಲ್ಲಿ ಬಿದಿರು ಸೀಳಿನಲ್ಲಿ ಮಣ್ಣು ಕೆದಕಿ. ರೇಡಿಯೇಟರ್ ಇರುವ ಗಾಡಿಯಾದರೆ ಅದರ ಮುಖದ ಮೇಲಿನ ಕೆಸರನ್ನು ನೀರು ಹಾಕಿ ಕೈಯಲ್ಲಿ ತೊಳೆಯಿರಿ, ಕಡ್ಡಿ ಹಾಕಿ ಕೆರೆದರೆ ಜಾಲರಿ ಮಡಚುತ್ತದೆ.

ಇದಕ್ಕೆಲ್ಲ ಮದ್ದು ದಾರಿ ಆರಿಸುವುದರಲ್ಲೇ ಇದೆ. ಹಿಂದಿನ ದಿನ ಮಳೆ ಬಿದ್ದಿದ್ದರೆ ಎರೆ ಕಡೆ ತಲೆ ಹಾಕದೆ, ಗರಸು ಮತ್ತು ಕೆಂಪು ಮಣ್ಣಿನ ಗುಡ್ಡದ ಮಗ್ಗುಲು ಹಿಡಿಯಿರಿ. ಅಲ್ಲಿ ನೀರು ನಿಲ್ಲುವುದಿಲ್ಲ.

ಏರಿನಲ್ಲಿ ಗಾಡಿ ನಿಂತುಹೋದರೆ ಕ್ಲಚ್ ಹಿಡಿಯಬೇಡಿ. ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರಾಗಿರುತ್ತದೆ, ಬರೀ ಮುಂದಿನ ಬ್ರೇಕಿನಲ್ಲಿ ಗರಸಿನ ಮೇಲೆ ಗಾಡಿ ನಿಲ್ಲುವುದಿಲ್ಲ. ಗೇರಿನಲ್ಲೇ ಆಫ್ ಆಗಲು ಬಿಟ್ಟರೆ ಎಂಜಿನ್ನೇ ಹಿಂದಿನ ಚಕ್ರ ಹಿಡಿಯುತ್ತದೆ. ಆಮೇಲೆ ಕ್ಲಚ್ಚನ್ನೇ ಹಿಂದಿನ ಬ್ರೇಕಿನ ಹಾಗೆ ಚೂರುಚೂರೇ ಬಿಟ್ಟು ಹಿಡಿದು, ಗಾಡಿಯನ್ನು ಅಡ್ಡ ತಿರುಗಿಸಿ ಇಳಿಸಬಹುದು. ಬ್ರೇಕ್, ಕ್ಲಚ್ ಲಿವರಿನ ಬುಡದ ಬೋಲ್ಟನ್ನು ಕೈಯಿಂದ ಜೋರಾಗಿ ತಿರುವಿದರೆ ತಿರುಗುವಷ್ಟು ಮಾತ್ರ ಬಿಗಿ ಮಾಡಿ. ಬಿದ್ದಾಗ ಲಿವರ್ ತಿರುಗುತ್ತದೆ, ಮುರಿಯುವುದಿಲ್ಲ. ಬೀಳುವುದಂತೂ ಖಚಿತ. ಹಿಮಾಲಯನ್ ಹತ್ತಿರ ಹತ್ತಿರ 200 ಕೆಜಿ, ಎಕ್ಸ್‌ಪಲ್ಸ್ 200 ಮಾದರಿ 160ರ ಆಸುಪಾಸು, ನಡುವಿನ ವ್ಯತ್ಯಾಸ ಒಂದು ಸಿಮೆಂಟ್ ಚೀಲಕ್ಕೆ ಸ್ವಲ್ಪ ಕಮ್ಮಿ. ಮೊದಲ ಸಲ ಎತ್ತುವಾಗ ಅದು ಗೊತ್ತಾಗುವುದಿಲ್ಲ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಾಲ್ಕನೇ ಸಲ ಎತ್ತುವಾಗ ಗೊತ್ತಾಗುತ್ತದೆ. ಅಷ್ಟಕ್ಕೂ ಅದೇ ದಾರಿಯಲ್ಲಿ ದಿನಾ ಗೊಬ್ಬರದ ಚೀಲ ಹೇರಿಕೊಂಡು ಓಡಾಡುವುದು ಟಿವಿಎಸ್ ಎಕ್ಸ್‌ಎಲ್.

ಕಾಲಿಗೆ ಕಣಕಾಲು ಮುಚ್ಚುವ ಬೂಟು, ಕುಡಿಯಲು ತಲಾ ಎರಡು ಲೀಟರಿನ ಬದಲು ಮೂರು ಲೀಟರ್ ನೀರು, ಇದರಲ್ಲಿ ಚೌಕಾಸಿ ಇಲ್ಲ. ಗುಂಪು ಐದು ಗಾಡಿ ದಾಟಬಾರದು. ತಿರುವಿನಲ್ಲೆಲ್ಲ ಹಿಂದಿನವರು ಕಾಣುವವರೆಗೆ ನಿಲ್ಲಬೇಕು. ಸಾಮಾನಿನ ಚೀಲ ಕೊನೆಯ ಗಾಡಿಯಲ್ಲಿರಲಿ. ಮುಂದೆ ಹಾರಿಹೋದವನ ಬೆನ್ನಲ್ಲಿ ಪಂಪು ಇದ್ದರೆ ಹಿಂದೆ ಪಂಕ್ಚರ್ ಆದವನಿಗೆ ಏನು ಬಂತು?

ಹೇಳಲೇಬೇಕಾದ ಇನ್ನೊಂದು ಮಾತು. ಜೋಗಿಮಟ್ಟಿ ವನ್ಯಜೀವಿ ಧಾಮ, ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿಗಳ ಧಾಮ. ಅಲ್ಲಿ ಜಾಡು ಬಿಟ್ಟು ಗಾಡಿ ನುಗ್ಗಿಸಿ ವಿಡಿಯೊ ಹಾಕುವುದು ಶೌರ್ಯವೇನಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಕೇಸಿಗೆ ತಾವೇ ಸಾಕ್ಷಿ ಒದಗಿಸಿದ ಹಾಗೆ. ಗಾಳಿಯಂತ್ರದ ಗುಡ್ಡದ ರಸ್ತೆಗಳಿಗೂ ಕೇಳಿಕೊಂಡೇ ಹೋಗಬೇಕು. ಹೊಲದ ದಾರಿಗೆ ಜಾಲಿ ಕೊಂಬೆ ಅಡ್ಡ ಎಳೆದಿದ್ದರೆ ಹೊಲದವರು ಬರಬೇಡಿ ಅಂದಿದ್ದಾರೆ ಅಂತಲೇ ಲೆಕ್ಕ, ಸರಿಸಿಕೊಂಡು ನುಗ್ಗಿದವರಿಗೆ ಪಂಕ್ಚರ್ ಆದರೆ ನಮಗೇನೂ ಮರುಕವಿಲ್ಲ. ಈರುಳ್ಳಿ, ಅಡಿಕೆ ಹೊಲಗಳಲ್ಲಿ ಬೆರಳು ಗಾತ್ರದ ಕಪ್ಪು ಡ್ರಿಪ್ ಪೈಪು ದೂಳಿನಲ್ಲಿ ಹುದುಗಿರುತ್ತದೆ, ಗುಂಡಿ ಟೈರು ಹತ್ತಿ ಹರಿದರೆ ಆ ಸಾಲಿಗೆ ನೀರಿಲ್ಲ. ಬೇಲಿಯ ತಂತಿಯನ್ನು ದಾರಿಗೆ ಅಡ್ಡ ಬಿಗಿದಿರುವುದೂ ಉಂಟು. ಎದೆಯ ಮಟ್ಟದಲ್ಲಿರುವ ಆ ತೆಳು ತಂತಿ ಬೆಳಗಿನ ಎದುರು ಬಿಸಿಲಿಗೆ ಕಾಣುವುದೇ ಇಲ್ಲ, ಹೊಸ ದಾರಿಯಲ್ಲಿ ಎರಡನೇ ಗೇರು ದಾಟಬೇಡಿ. ಕುರಿ ಹಿಂಡು ಎದುರಾದರೆ ಎಂಜಿನ್ ಆರಿಸಿ ನಿಂತುಬಿಡಿ. ಬೆದರಿ ಚೆದುರಿದ ಹಿಂಡನ್ನು ಒಟ್ಟು ಮಾಡಲು ಆ ಮನುಷ್ಯನಿಗೆ ಅರ್ಧ ದಿನ ಬೇಕು.

ವಾಪಸ್ಸು ಹೈವೇ 48 ಹತ್ತುವ ಮುಂಚೆ ಗಾಳಿ ತುಂಬಿಸಿಕೊಳ್ಳಿ. 20 ಪಾಯಿಂಟಿನಲ್ಲಿ ತೊಂಬತ್ತರ ವೇಗಕ್ಕೆ ಹೋದರೆ ಟೈರಿನ ಮಗ್ಗುಲು ಮಡಚಿ ಮಡಚಿ ಕಾದು, ಒಳಗಿನ ಪ್ಯಾಚು ಬಿಡುವುದು ಆಗಲೇ. ಮನೆಗೆ ಬಂದು ಬರೀ ತೊಳೆದು ನಿಲ್ಲಿಸಿದರೆ ಸಾಲದು. ಮರುದಿನ ಬೆಳಗ್ಗೆ ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಟೈರಿನ ಗುಂಡಿಗಳ ನಡುವೆ ನೋಡಿ, ಕಂದು ಚುಕ್ಕಿಯ ಹಾಗೆ ಕಾಣುವುದೆಲ್ಲ ಮುಳ್ಳಿನ ಬುಡ. ಇಕ್ಕಳದಲ್ಲಿ ಎಳೆದು ತೆಗೆಯಿರಿ. ಎಳೆದಾಗ ಬುಸ್ ಅಂದರೆ, ಆಫೀಸಿನ ದಾರಿಯಲ್ಲಿ ಆಗಬೇಕಿದ್ದ ಪಂಕ್ಚರ್ ಮನೆಯ ಅಂಗಳದಲ್ಲೇ ಆಯಿತು ಅಂದುಕೊಂಡು ಲಿವರ್ ಎತ್ತಿಕೊಳ್ಳಿ.