ಹಸಿ ಹಾಲು ತರಿಸುವ ಮುಂಚೆ ಹಾಲು ಕರೆಯುವುದನ್ನೊಮ್ಮೆ ನೋಡಿ ಬನ್ನಿ

ಹಾಲು ಗಟ್ಟಿಯಾಗಿದೆಯಾ, ಕೆನೆ ದಪ್ಪಗೆ ಕಟ್ಟುತ್ತಾ, ನೀರು ಬೆರೆಸುತ್ತಾರಾ? ಸಣ್ಣ ಫಾರ್ಮಿನಿಂದ ಹಸಿ ಹಾಲು ಕೊಳ್ಳುವವರು ಹೆಚ್ಚಾಗಿ ಕೇಳುವುದು ಇಷ್ಟನ್ನೇ. ರೋಗ ತರುವ ಕ್ರಿಮಿ ಇರುವ ಹಾಲಿನಲ್ಲೂ ಕೆನೆ ಚೆನ್ನಾಗಿಯೇ ಕಟ್ಟುತ್ತದೆ, ರುಚಿಯೂ ಕೆಡುವುದಿಲ್ಲ.

ಫಾರ್ಮ್ ನೋಡಲು ಹೋಗುವುದಾದರೆ ಹಾಲು ಕರೆಯುವ ಹೊತ್ತಿಗೇ ಹೋಗಬೇಕು. ಕರೆಯುವವರು ಕೈ ತೊಳೆದರಾ? ಕೆಚ್ಚಲು ತೊಳೆದ ಮೇಲೆ ಒರೆಸಿ ಒಣಗಿಸಿದರಾ, ಅಥವಾ ಎಲ್ಲ ಹಸುಗಳಿಗೂ ಒಂದೇ ಬಟ್ಟೆಯಾ? ಒದ್ದೆ ಕೆಚ್ಚಲಿನಿಂದ ತೊಟ್ಟಿಕ್ಕುವ ನೀರು ಸಗಣಿಯ ಕ್ರಿಮಿಗಳನ್ನು ಹೊತ್ತು ನೇರ ಪಾತ್ರೆಗೇ ಇಳಿಯುತ್ತದೆ. ಮೊದಲ ಎರಡು ಮೂರು ಧಾರೆ ಎಲ್ಲಿಗೆ ಹೋಯಿತು ಅಂತ ಗಮನಿಸಿ. ಬಲ್ಲವರು ಅದನ್ನು ಕಪ್ಪು ಬಟ್ಟಲಿಗೆ ಹಿಂಡಿ ಗರಣೆಯೋ ರಕ್ತದ ಎಳೆಯೋ ಕಾಣುತ್ತದಾ ಅಂತ ನೋಡಿ, ಆ ಹಾಲನ್ನು ಚೆಲ್ಲಿಬಿಡುತ್ತಾರೆ. ಕೆಚ್ಚಲು ಬಾವಿನ ಮೊದಲ ಸುಳಿವು ಸಿಗುವುದು ಅಲ್ಲೇ. ಕರೆದಾದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಹಸುವಿನ ಮುಂದೆ ಮೇವು ಹಾಕಿದರೆ ಇನ್ನೂ ಸಂತೋಷ. ಆಗಷ್ಟೇ ಕರೆದ ತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಮೇಯುತ್ತಾ ನಿಂತ ಹಸು ಅಷ್ಟರೊಳಗೆ ಸಗಣಿಯ ಮೇಲೆ ಮಲಗುವುದಿಲ್ಲ.

ಹಸುಗಳಿಗೆ ಕ್ಷಯ, ಬ್ರುಸೆಲ್ಲೋಸಿಸ್ (ಹಸುವಿನ ಗರ್ಭ ಕಳೆಯುವ, ಮನುಷ್ಯರಿಗೂ ಅಂಟುವ ರೋಗ) ಪರೀಕ್ಷೆ ಯಾವಾಗ ಮಾಡಿಸಿದಿರಿ ಅಂತ ಸಂಕೋಚವಿಲ್ಲದೆ ಕೇಳಿ, ವರದಿಯನ್ನೂ ನೋಡಿ. ನೋಡಲು ಗಟ್ಟಿಮುಟ್ಟಾದ ಹಸುವಿನ ಹಾಲಿನಲ್ಲೂ ಈ ರೋಗಗಳು ಬರಬಹುದು.

‘ಹೇಗೂ ಕಾಯಿಸುತ್ತೇವಲ್ಲ, ಫಾರ್ಮ್ ಯಾವುದಾದರೇನು’ ಅನ್ನುವವರಿದ್ದಾರೆ. ಕಾಯಿಸಲೇಬೇಕು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಎಷ್ಟೇ ಚೊಕ್ಕಟವಾದ ಕೊಟ್ಟಿಗೆಯಲ್ಲೂ ಆರೋಗ್ಯವಂತ ಹಸುವಿನ ಕರುಳಿನಲ್ಲಿ ಇ. ಕೋಲಿ ಓ157 ಎಂಬ ಕ್ರಿಮಿ ಇರಬಹುದು. ಅದು ಮಕ್ಕಳ ಮೂತ್ರಪಿಂಡಕ್ಕೇ ಕುತ್ತು ತರಬಲ್ಲದು. ಲಿಸ್ಟೀರಿಯಾ ಎಂಬ ಇನ್ನೊಂದು ಕ್ರಿಮಿ ಗರ್ಭಿಣಿಯ ಹೊಟ್ಟೆಯಲ್ಲಿರುವ ಕೂಸನ್ನೂ ಬಿಡುವುದಿಲ್ಲ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಟ್ಟರೆ ಇವೆಲ್ಲ ಸಾಯುತ್ತವೆ, ಮನೆಯಲ್ಲಿ ಒಂದು ಕುದಿ ಬಂದರೂ ಅಷ್ಟೇ. ‘ನಮ್ಮ ಹಾಲು ಶುದ್ಧ, ಹಸಿಯಾಗೇ ಕುಡಿಯಿರಿ’ ಅನ್ನುವ ಮಾಲೀಕರನ್ನು ನಾನು ನಂಬುವುದಿಲ್ಲ.

ಆದರೆ ಕುದಿಸಿದರೆ ಹೋಗದಂಥವೂ ಇವೆ. ಬೂಷ್ಟು ಹಿಡಿದ ಹಿಂಡಿ ತಿಂದ ಹಸುವಿನ ಹಾಲಿಗೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬರಬಹುದು, ಒಲೆಯ ಶಾಖಕ್ಕೆ ಅದು ಜಗ್ಗುವುದಿಲ್ಲ. ಮೇವಿನ ಚೀಲಗಳು ನೆಲದ ಮೇಲೇ ಇವೆಯಾ, ಮುಗ್ಗಲು ವಾಸನೆ ಬರುತ್ತಾ ಅಂತ ಒಮ್ಮೆ ಕೈ ಹಾಕಿಯೇ ನೋಡಿ. ಆಂಟಿಬಯೋಟಿಕ್‌ನ ಅಂಶವೂ ಹಾಗೇ, ಕಾಯಿಸಿದರೂ ಬಹುಪಾಲು ಉಳಿದುಕೊಳ್ಳುತ್ತದೆ. ಅದಕ್ಕೇ ನನ್ನ ಮುಖ್ಯ ಪ್ರಶ್ನೆ: ಔಷಧಿಯಲ್ಲಿರುವ ಹಸುವಿನ ಹಾಲನ್ನು ಏನು ಮಾಡುತ್ತೀರಿ? ಯಾವ ಹಸು, ಯಾವ ಔಷಧಿ, ಯಾವ ದಿನದವರೆಗೆ ಹಾಲು ಮಾರಬಾರದು ಅನ್ನುವುದನ್ನು ಬರೆದಿಟ್ಟಿದ್ದು ಕಂಡರೆ ನನಗೆ ಅರ್ಧ ನಂಬಿಕೆ ಅಲ್ಲೇ ಬಂದುಬಿಡುತ್ತದೆ.

ಔಷಧಿ ನಿಂತ ಮೇಲೂ ಕೆಲವು ದಿನ ಆ ಹಾಲನ್ನು ಚೆಲ್ಲಲೇಬೇಕು, ಹಸುವಿನ ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ನಾಲ್ಕೈದು ಹಸು ಸಾಕಿದವರಿಗೆ ಅದು ದೊಡ್ಡ ಹೊಡೆತ. ‘ಒಂದು ಹಸು ಔಷಧಿಯಲ್ಲಿದೆ, ಈ ವಾರ ಹಾಲು ಕಮ್ಮಿ’ ಅಂತ ತಾವಾಗಿ ಹೇಳುವವರು ಸಿಕ್ಕರೆ ದಯವಿಟ್ಟು ಅವರ ಹತ್ತಿರ ಚೌಕಾಸಿ ಮಾಡಬೇಡಿ, ಆ ವಾರ ಬೇರೆ ಕಡೆ ಓಡಲೂ ಬೇಡಿ.