ಅರ್ಧಾ ತಿಂದೀರಲ್ರೀ ಸರ!

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಬರ್ಗರ್ ಅಂಗಡಿ ಕೌಂಟರಿನ ಆ ಟೋಪಿ ಹುಡುಗನ ಮುಖ.

"ಅರ್ಧಾ ತಿಂದೀರಲ್ರೀ ಸರ! ತಿನ್ನೂಮುಂದ ಗೊತ್ತಾಗ್ಲಿಲ್ಲೇನ್ರಿ?"

ಮೆಲ್ಲಗೆ ಕೇಳಿದ್ದರೆ ನಾನೂ ಮೆಲ್ಲಗೆ ಮಾತಾಡುತ್ತಿದ್ದೆ. ಇಡೀ ಕ್ಯೂಗೆ ಕೇಳುವ ಹಾಗೆ ಕೇಳಿದ. ಹಿಂದೆ ಕಾಲೇಜು ಹುಡುಗಿಯರು ನಾಲ್ಕು ಜನ ಇದ್ದರು. ಮೂವರು ನಕ್ಕರು. ಒಬ್ಬಳು ಪಾಪ ಅಂತ ಮುಖ ಮಾಡಿದಳು. ಅದು ಇನ್ನೂ ಕೆಟ್ಟದ್ದು.

ಬಿಲ್ ನನ್ನ ಕೈಯಲ್ಲೇ ಇತ್ತು ಮಾರಾಯ್ರೆ. ಚಿಕನ್ ಅಂತಲೇ ಇದೆ, 229 ರೂಪಾಯಿ. ಈಗಲೂ ಕಿಸೆಯಲ್ಲಿದೆ, ಬೇಕಾದವರಿಗೆ ತೋರಿಸುತ್ತೇನೆ. ತಪ್ಪು ನೂರಕ್ಕೆ ನೂರು ಅವರದ್ದು. ಬೆವರಿದ್ದು ಮಾತ್ರ ನಾನು.

ಅಂಗಡಿ ಹೆಸರು ಹೇಳುವುದಿಲ್ಲ. ಹುಬ್ಬಳ್ಳಿಯದು, ಅಷ್ಟು ಸಾಕು.

ಇದಕ್ಕೆಲ್ಲ ಭಾವನೇ ಕಾರಣ. "ಎಲ್ಲ ಒಂದೇ, ಬನ್ನಿನೊಳಗೆ ಕೋಳಿ" ಎಂದಿದ್ದರು. ಒಂದೇ ಅಂತೆ! ಅಕ್ಕ ಮಗನಿಗೆ ಅಂತ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿ ಹಿಡಿದುಕೊಂಡು ಕಾರವಾರದಲ್ಲಿ ಬಸ್ಸು ಹತ್ತಿದವನು ಅಂಕೋಲಾ ದಾಟಿ ಅರಬೈಲ್ ಘಟ್ಟ ಮುಗಿಯುವವರೆಗೂ ಅದನ್ನೇ ಯೋಚಿಸಿದೆ. ಯಲ್ಲಾಪುರದಲ್ಲಿ ಚಾ ಕುಡಿಯುವಾಗ ನಿರ್ಧಾರ ಆಯಿತು. ಒಂದೇ ಮಧ್ಯಾಹ್ನ, ಮೂರು ಅಂಗಡಿ, ಮೂರು ಚಿಕನ್. ಅಂಕ ಹಾಕಿ ಫ್ಯಾಮಿಲಿ ಗ್ರೂಪಿಗೆ ಬಿಡೋಣ. ಭಾವನ ಬಾಯಿ ಮುಚ್ಚಿಸೋಣ.

ಮೊದಲನೆಯದರಲ್ಲಿ ಕೈಮಾ ಮಾಡಿ ಒತ್ತಿದ ಟಿಕ್ಕಿ. ಸುತ್ತಲೂ ಒಂದೇ ದಪ್ಪ. ಬನ್ನು ಚೆನ್ನಾಗಿತ್ತು. ಹತ್ತಕ್ಕೆ ಆರು. ಎರಡನೆಯದರಲ್ಲಿ ಇಡೀ ತುಂಡು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಬನ್ನಿನಿಂದ ಹೊರಗೆ ಇಣುಕುತ್ತಿತ್ತು. ಹೊರಗಿನ ಹಿಟ್ಟು ಕಚ್ಚಿದರೆ ಪಕ್ಕದ ಟೇಬಲ್ಲಿಗೆ ಕೇಳಬೇಕು, ಹಾಗೆ ಗರಿಗರಿ. ಏಳೂವರೆ.

ಜತೆಗಿದ್ದ ಅಕ್ಕನ ಮಗ, ನನ್ನ ಅಳಿಯ, ಪಾಪ ಸುಮ್ನೆ ತಿನ್ನುತ್ತಿದ್ದ. ನನಗೇ ಬಾಯಿ ನಿಲ್ಲಲಿಲ್ಲ. "ಇದಕ್ಕೆ ಅಮೆರಿಕದಲ್ಲಿ ಬರ್ಗರ್ ಅನ್ನೋದಿಲ್ಲ ಮಾರಾಯ, ಸ್ಯಾಂಡ್‌ವಿಚ್ ಅಂತಾರೆ. ಅಲ್ಲಿ ಬರ್ಗರ್ ಅಂದ್ರೆ ಕೈಮಾದ್ದು." ಅವನು ಹ್ಞೂಂ ಎಂದ. ಅಷ್ಟು ಸಾಕಾಯಿತು ನನಗೆ. ಮೆಕ್‌ಡೊನಾಲ್ಡ್ಸ್‌ನ ಮೆಕ್‌ಚಿಕನ್ ಬಂದದ್ದು 1980ರಲ್ಲಿ, ಅದು ಕೈಮಾ. ಕೆಎಫ್‌ಸಿಯ ಝಿಂಗರ್ 1984ರಲ್ಲಿ ಟ್ರಿನಿಡಾಡ್‌ನಲ್ಲಿ ಶುರುವಾಯಿತು, ಅದು ಇಡೀ ತುಂಡು. ಅಮೆರಿಕದಲ್ಲಿ ಚಿಕ್-ಫಿಲ್-ಎ ಅಂತ ಒಂದು ಅಂಗಡಿ ಇದೆ, ಕಡಲೆಕಾಯಿ ಎಣ್ಣೆಯಲ್ಲಿ ಕರಿದ ಕೋಳಿ, ಎರಡು ಬಿಲ್ಲೆ ಸೌತೆ ಉಪ್ಪಿನಕಾಯಿ, ಭಾನುವಾರ ಬಾಗಿಲೇ ತೆಗೆಯುವುದಿಲ್ಲ. 2019ರ ಆಗಸ್ಟಿನಲ್ಲಿ ಪೊಪೈಸ್ ಅಂತ ಇನ್ನೊಂದು ಅಂಗಡಿಯವರು ತಮ್ಮದೊಂದು ಚಿಕನ್ ಸ್ಯಾಂಡ್‌ವಿಚ್ ತಂದರು. ಅಮೆರಿಕದವರು ಅದಕ್ಕೆ ಮುಗಿಬಿದ್ದರು. ತಾರ್ಲೆ ಮೀನಿನ ದೋಣಿ ಬಂದ ದಿನ ನಮ್ಮ ಬೈತಖೋಲ ಬಂದರಿನಲ್ಲಿ ಬೀಳುವ ಹಾಗೆ. ಎರಡು ವಾರದಲ್ಲಿ ಖಾಲಿ! ಇದನ್ನೆಲ್ಲ ಕಾರವಾರದಲ್ಲಿ ಕೂತು ಕಲಿತವನು ನಾನು. ಯಾಕೆ ಕಲಿತೆ ಅಂತ ಕೇಳಬೇಡಿ.

ಆಮೇಲೆ ಮೂರನೆಯದು.

ಕಾಗದ ಬಿಡಿಸಿದೆ. ದೊಡ್ಡದಾಗಿ ಬಾಯಿ ತೆರೆದು ಕಚ್ಚಿದೆ. ಒಳಗೆ ಬೆಳ್ಳಗೆ. ಹಲ್ಲು ಎಲ್ಲೂ ತಡೆಯದೆ ಇಳಿಯಿತು. ನಾನು ಕಣ್ಣು ಮುಚ್ಚಿದೆ. ಹೌದು, ಮುಚ್ಚಿದೆ. ಇನ್ನೊಂದು ತುತ್ತು ಕಚ್ಚಿ ಹೇಳಿದೆ. "ಮಜ್ಜಿಗೆಯಲ್ಲಿ ನೆನೆಸಿಟ್ರೆ ಕೋಳಿಯ ಎದೆಭಾಗ ಹೀಗಾಗ್ತದೆ ನೋಡು. ನಾರು ಇರ್ತದೆ, ಆದ್ರೆ ಗೊತ್ತಾಗೋದಿಲ್ಲ."

ನಾರು ಇರ್ತದೆ, ಆದ್ರೆ ಗೊತ್ತಾಗೋದಿಲ್ಲ. ಈ ಮಾತು ಹೇಳಿದ ನಾಲಿಗೆಗೆ ಬರೆ ಹಾಕಬೇಕು.

ಹತ್ತಕ್ಕೆ ಒಂಬತ್ತು ಹಾಕಿದೆ. ಫೋಟೋ ತೆಗೆದೆ. ಗ್ರೂಪಿಗೆ ಬಿಟ್ಟೆ. "ಭಾವಾ, ಎಲ್ಲ ಒಂದೇ ಅಲ್ಲ. ಇದನ್ನು ನೋಡಿ." ಎರಡು ನೀಲಿ ಗೆರೆಯೂ ಬಂತು. ಆಗ ಅಳಿಯ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ. ಹಸಿರು ಚೌಕ, ಅದರೊಳಗೆ ಹಸಿರು ಚುಕ್ಕೆ.

"ಮಾವ, ಇದು ಪನೀರ್."

ಬಂಗಡೆಯ ಕಿವಿರು ಎತ್ತಿ ಇವತ್ತಿನದೋ ನಿನ್ನೆ ಐಸಿನದೋ ಹೇಳುವವನು ನಾನು! ಮಾರ್ಕೆಟ್ಟಿನಲ್ಲಿ ಮೀನು ಮಾರುವ ಬಾಯಮ್ಮಂದಿರು ನನ್ನ ಬುಟ್ಟಿಗೆ ಹಳೆಯದನ್ನು ಹಾಕಲು ಹೆದರುತ್ತಾರೆ. ಅಂಥವನಿಗೆ ಕೋಳಿಗೂ ಹಾಲಿಗೂ ವ್ಯತ್ಯಾಸ ತಿಳಿಯಲಿಲ್ಲ. ಹಿಟ್ಟು ಅಷ್ಟು ಖಾರ ಇತ್ತು, ಒಳಗೆ ಸ್ಪಂಜು ಇಟ್ಟಿದ್ದರೂ ತಿನ್ನುತ್ತಿದ್ದೆನೋ ಏನೋ. ಅದಕ್ಕೂ ಒಂಬತ್ತು ಕೊಡುತ್ತಿದ್ದೆ.

ಆದರೆ ಅದಲ್ಲ ವಿಷಯ. ಚಿಕನ್ ಕೇಳಿದವನಿಗೆ ಚಿಕನ್ ಕೊಡಬೇಕಲ್ವಾ? ಕೊಟ್ಟಿಲ್ಲ. ಕೇಳಲು ಹೋದರೆ "ಅರ್ಧಾ ತಿಂದೀರಲ್ರೀ." ಅರ್ಧ ತಿನ್ನದೆ ಮೂಸಿ ನೋಡಬೇಕಿತ್ತಾ? "ಬದ್ಲಿ ಕೊಡ್ತೀವ್ರಿ ಸರ, ನಿಲ್ರಿ" ಎಂದ ಆಮೇಲೆ. ಸಿಟ್ಟಿನಲ್ಲಿ ಬೇಡ ಎಂದೆ. ಉಳಿದರ್ಧವನ್ನು ಕೌಂಟರ್ ಮೇಲೇ ಇಟ್ಟು ಬಂದೆ. ಹೊರಗೆ ಬಂದು ಹತ್ತು ಹೆಜ್ಜೆ ನಡೆದ ಮೇಲೆ ಬುದ್ಧಿ ಬಂತು. ತೆಗೆದುಕೊಳ್ಳಬೇಕಿತ್ತು. ಮೂರನೆಯ ಅಂಗಡಿಯ ಚಿಕನ್ ಹೇಗಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. 229 ರೂಪಾಯಿಯೂ ಹೋಯಿತು, ಲೆಕ್ಕವೂ ಅರ್ಧಕ್ಕೆ ನಿಂತಿತು. ಹೋಗಲಿ ಬಿಡಿ. ಮಧ್ಯಾಹ್ನದ ಗಡಿಬಿಡಿ, ಆ ಹುಡುಗನಿಗೂ ಎಷ್ಟು ಸಂಬಳವೋ ಏನೋ.

ಇಲ್ಲ, ಹೋಗಲಿ ಅನ್ನಲು ಆಗುವುದಿಲ್ಲ. ಅಷ್ಟು ಜೋರಾಗಿ ಯಾಕೆ ಕೇಳಬೇಕಿತ್ತು?

ಫೋಟೋ ಅಳಿಸುವಷ್ಟರಲ್ಲಿ ಭಾವ ದೊಡ್ಡದು ಮಾಡಿ ನೋಡಿ ಆಗಿತ್ತು. ಚುಕ್ಕೆಗೆ ಕೆಂಪು ಗುಂಡು ಸುತ್ತಿ ವಾಪಸ್ ಕಳಿಸಿದ್ದಾರೆ. ಕೆಳಗೆ ಒಂದೇ ಸಾಲು. "ಶ್ರಾವಣಕ್ಕೆ ಇದನ್ನೇ ತರಿಸೋಣ." ಅಕ್ಕ ಅದಕ್ಕೆ ಹೆಬ್ಬೆರಳು ಒತ್ತಿದ್ದಾಳೆ. ಒಡಹುಟ್ಟಿದವಳು!

ಇನ್ನೊಂದು ವಿಷಯ ಬಸ್ಸು ಕಿರವತ್ತಿ ದಾಟುವಾಗ ಹೊಳೆಯಿತು. ಅದು ಹೊಳೆದ ಮೇಲೆ ಕೂರಲಾಗುತ್ತಿಲ್ಲ. ನನಗೆ ಬಂದ ಪನೀರ್ ಯಾರೋ ಕೇಳಿದ್ದು. ಹಾಗಾದರೆ ನನ್ನ ಚಿಕನ್ ಯಾರ ಕೈಗೆ ಹೋಯಿತು? ಕಿಟಕಿ ಹತ್ತಿರದ ಟೇಬಲ್ಲಿನಲ್ಲಿ ಒಬ್ಬರು ಕೂತಿದ್ದರು. ಹಣೆಯಲ್ಲಿ ವಿಭೂತಿ, ಜತೆಗೆ ಸಣ್ಣ ಮೊಮ್ಮಗಳು. ಅವರ ಮುಂದೆಯೂ ಅದೇ ಥರದ ಪೊಟ್ಟಣ ಇತ್ತು. ಎಷ್ಟು ಖುಷಿಯಲ್ಲಿ ತಿನ್ನುತ್ತಿದ್ದರು ಅಂದರೆ, ಮೊಮ್ಮಗಳಿಗೂ ಒಂದು ಚೂರು ಮುರಿದು ಕೊಟ್ಟರು.

ಅವರದ್ದು ಪನೀರೇ ಆಗಿರಲಿ ದೇವರೇ. ನಿನ್ನೆ ಹನ್ನೆರಡೂವರೆಗೆ ಅಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಪನೀರ್ ಕೇಳಿ ಚಿಕನ್ ಸಿಕ್ಕಿದವರು ಯಾರು? ಅರ್ಧ ತಿಂದಾಗ ಗೊತ್ತಾಯಿತಾ, ಅಥವಾ ಪೂರ್ತಿ ತಿಂದಿರಾ?